ರಿಫ್ಕಿಯ ಮೀಸೆ ಮತ್ತು ಹತ್ತು ಡಿಗ್ರಿ ನೀರು

ಮೀಸೆ ಇದ್ದವನು ಮುಳುಗಿದರೆ ಕಣ್ಣು ಮೂಗು ಮುಚ್ಚುವ ಮಾಸ್ಕಿನೊಳಗೆ ನೀರು ನುಗ್ಗುತ್ತದೆ ಎಂದು ಮೊದಲು ಹೇಳಿದವನು ಚಹಾದಂಗಡಿಯ ನೆಜ್ಮಿ. ಹುಟ್ಟಿದಾಗಿನಿಂದ ಸಮುದ್ರದ ದಂಡೆಯಲ್ಲೇ ಇದ್ದರೂ ಅವನು ಮೊಣಕಾಲಿಗಿಂತ ಆಳದ ನೀರಿಗೆ ಇಳಿದವನಲ್ಲ. ಆದರೆ ಫೆಬ್ರವರಿಯಲ್ಲಿ ಸಾರೋಸ್ ಕೊಲ್ಲಿಯ ಆ ಪುಟ್ಟ ಊರಿನ ಗಂಡಸರಿಗೆ ಮಾಡಲು ಬೇರೆ ಕೆಲಸವಿರುವುದಿಲ್ಲ. ದೋಣಿಗಳು ದಡದಲ್ಲಿ ಬೋರಲು ಬಿದ್ದಿರುತ್ತವೆ, ಇವರು ನೆಜ್ಮಿಯ ಅಂಗಡಿಯ ಮುಂದೆ ಕುರ್ಚಿ ಹಾಕಿಕೊಂಡು ನೀರು ನೋಡುತ್ತಾ ಕೂತಿರುತ್ತಾರೆ. ಆ ಗುರುವಾರ ಅವರಿಗೆ ನೋಡಲು ನೀರಿನ ಜೊತೆಗೆ ಅಂಚೆ ಗುಮಾಸ್ತ ರಿಫ್ಕಿಯೂ ಸಿಕ್ಕಿದ್ದ.

ರಿಫ್ಕಿಗೆ ನಲವತ್ತಮೂರು, ಮದುವೆಯಾಗಿರಲಿಲ್ಲ. ಅವನಿಗಿದ್ದ ಒಂದೇ ಹೆಮ್ಮೆ ಎಂದರೆ ಮೀಸೆ. ಅಂಚೆ ಕಚೇರಿಯ ಕಿಟಕಿಯಲ್ಲಿ ಮೊದಲು ಮೀಸೆ ಕಾಣುತ್ತಿತ್ತು, ಆಮೇಲೆ ರಿಫ್ಕಿ. ಹತ್ತು ದಿನದ ಹಿಂದೆ ಆ ಕಿಟಕಿಯ ಮುಂದೆ ಪೆರಿಹಾನ್ ಬಂದು ನಿಂತಿದ್ದಳು. ಕೊಲ್ಲಿಯ ತಳದಲ್ಲಿರುವ ದೊಡ್ಡ ಚಿಪ್ಪುಗಳನ್ನು ಎಣಿಸಲು ಇಜ್ಮಿರಿನ ವಿಶ್ವವಿದ್ಯಾಲಯದಿಂದ ಚಳಿಗಾಲಕ್ಕೆಂದು ಬಂದವಳು. ನೀರೊಳಗೆ ಒಬ್ಬರೇ ಇಳಿಯುವಂತಿಲ್ಲ, ಜೋಡಿ ಬೇಕೇ ಬೇಕು. ಅವಳ ಜೋಡಿಯವನು ಊರು ಬಿಟ್ಟು ಹೋಗಿದ್ದ. ಸ್ಟಾಂಪು ಕೊಳ್ಳಲು ಬಂದವಳು ಸ್ಟಾಂಪು ಮರೆತು ರಿಫ್ಕಿಯ ಮುಖವನ್ನೇ ಒಂದು ನಿಮಿಷ ದಿಟ್ಟಿಸಿದಳು.

"ನಿಮಗೆ ಈಜು ಬರತ್ತಾ?"

"ಬರತ್ತೆ."

"ಹಾಗಾದ್ರೆ ಫೆರಿದುನ್ ಮೇಷ್ಟ್ರ ಹತ್ರ ಡೈವಿಂಗ್ ಕಲೀರಿ. ಮುಂದಿನ ಗುರುವಾರದೊಳಗೆ ಪಾಸಾಗಿ ಕಾರ್ಡು ಸಿಕ್ಕಿದ್ರೆ ನನ್ನ ಜೋಡಿ ನೀವೇ. ಬೇರೆ ಯಾರೂ ಬೇಡ ನಂಗೆ."

ಒಬ್ಬ ಹೆಣ್ಣು ತನ್ನ ಮುಖವನ್ನು ಹಾಗೆ ನೋಡಿದ್ದು ರಿಫ್ಕಿಯ ಆಯುಷ್ಯದಲ್ಲೇ ಮೊದಲು. ಅವಳು ಹೋದ ಮೇಲೆ ಅವನು ಒಂದೇ ಕಾಗದಕ್ಕೆ ಮೂರು ಸಲ ಮುದ್ರೆ ಒತ್ತಿದ. ಮರುದಿನವೇ ರಜೆ ಹಾಕಿ, ರಬ್ಬರಿನ ಉಡುಪಿಗೆ ಹೊಟ್ಟೆ ತುರುಕಿ, ಗಡಗಡ ನಡುಗುತ್ತಾ ಸಮುದ್ರಕ್ಕೆ ಇಳಿದ.

ಈಗ ಒಂದೇ ಪರೀಕ್ಷೆ ಬಾಕಿ ಇತ್ತು. ತಳದಲ್ಲಿ ಮಂಡಿಯೂರಿ ಮಾಸ್ಕಿಗೆ ನೀರು ತುಂಬಿಸಿ, ಮೂಗಿನಿಂದ ಊದಿ ಅದನ್ನು ಹೊರಗೆ ಹಾಕಿ, ಐದು ನಿಮಿಷ ಸುಮ್ಮನೆ ಕೂರಬೇಕು. ಬೆಳಿಗ್ಗೆಯಿಂದ ರಿಫ್ಕಿ ಮೂರು ಸಲ ಊದಿದ್ದ, ಮೂರು ಸಲವೂ ಖಾಲಿಯಾದ ಮಾಸ್ಕು ಮತ್ತೆ ತುಂಬಿಕೊಂಡಿತ್ತು. ಹತ್ತು ಡಿಗ್ರಿ ನೀರು ಮೂಗಿಗೆ ಹೋದರೆ ತಲೆಯೊಳಗೆ ಯಾರೋ ಮೊಳೆ ಹೊಡೆದ ಹಾಗಾಗುತ್ತದೆ. ಮೂರು ಸಲವೂ ಅವನು ಕೆಮ್ಮುತ್ತಾ ಮೇಲೆದ್ದು ಬಂದ.

"ನಾನು ಹೇಳಿಲ್ವಾ, ಮೀಸೆದೇ ತೊಂದ್ರೆ," ಎಂದ ನೆಜ್ಮಿ. "ಕೂದಲ ಸಂದಿನಲ್ಲಿ ನೀರು ಬರದೆ ಇನ್ನೇನು ಬರತ್ತೆ?"

ಫೆರಿದುನ್ ಮೇಷ್ಟ್ರಿಗೆ ಅರವತ್ತು ದಾಟಿತ್ತು. ಕನ್ನಡಕ ವ್ಯಾನಿನಲ್ಲಿ ಬಿಟ್ಟು ನೀರಿಗಿಳಿದರೆ ಅವರಿಗೆ ರಿಫ್ಕಿ ಯಾವುದು, ಬಂಡೆ ಯಾವುದು ಎಂದು ತಿಳಿಯುತ್ತಿರಲಿಲ್ಲ. "ಇರಬಹುದಪ್ಪ," ಎಂದರು. "ವ್ಯಾಸಲೀನ್ ಹಚ್ಚಿ ನೋಡಿ."

ಊರಿನಲ್ಲಿ ವ್ಯಾಸಲೀನ್ ಸಿಗಲಿಲ್ಲ. ನೆಜ್ಮಿ ಒಳಗಿನಿಂದ ಬೆಣ್ಣೆ ತಂದ. ಬೆಣ್ಣೆ ಸವರಿದ ಮೀಸೆಯೊಂದಿಗೆ ರಿಫ್ಕಿ ನಾಲ್ಕನೇ ಸಲ ಮುಳುಗಿದ. ಈ ಬಾರಿ ನೀರಿನ ಜೊತೆಗೆ ಬೆಣ್ಣೆಯೂ ಮೂಗಿಗೆ ಹೋಯಿತು. ಮೇಲೆ ಬಂದಾಗ ಎರಡು ಬೆಕ್ಕುಗಳು ದಡದಲ್ಲಿ ಕಾದಿದ್ದವು.

ಗಂಟೆ ಹನ್ನೆರಡೂವರೆ. ಪೆರಿಹಾನ್ ಎರಡಕ್ಕೆ ಬರುತ್ತೇನೆಂದಿದ್ದಳು. ಕಾರ್ಡು ಸಿಗದಿದ್ದರೆ ಅವಳು ನಾಳೆಯೇ ಬೇರೆ ಊರಿನ ಯಾರನ್ನೋ ಕರೆಸುತ್ತಾಳೆ, ಮತ್ತೆ ಆ ಕಿಟಕಿಯ ಮುಂದೆ ನಿಲ್ಲುವುದಿಲ್ಲ. ರಿಫ್ಕಿಗೆ ಅಳು ಬರುವುದೊಂದು ಬಾಕಿ. ಅಷ್ಟರಲ್ಲಿ ಕ್ಷೌರಿಕ ಹಿಕ್ಮೆತ್ ಕುರ್ಚಿಯಿಂದ ಎದ್ದ. ಯಾರಾದರೂ ಕರೆಯಲಿ ಎಂದು ಕತ್ತರಿ, ಕತ್ತಿ ಎರಡನ್ನೂ ಬೆಳಿಗ್ಗೆಯೇ ಜೇಬಿನಲ್ಲಿ ಇಟ್ಟುಕೊಂಡು ಬಂದಿದ್ದ.

"ಪೂರ್ತಿ ಯಾಕೆ ತೆಗೀಬೇಕು ರಿಫ್ಕಿಯಣ್ಣ? ಮೂಗಿನ ಕೆಳಗೆ ಒಂದು ಗೆರೆಯಷ್ಟು ತೆಗೀತೀನಿ. ಕಾಣೋದೂ ಇಲ್ಲ."

"ಗೆರೆ ಅಷ್ಟೇ ತಾನೆ?"

"ಗೆರೆ ಅಷ್ಟೇ."

ದಡದ ಮೇಲೆಯೇ ಕುರ್ಚಿ ಹಾಕಿದರು. ಉತ್ತರದ ಗಾಳಿ ಬೀಸುತ್ತಿತ್ತು. ರಬ್ಬರ್ ಕುಲಾವಿ ಕಳಚಿ ರಿಫ್ಕಿ ಮುಖ ಮೇಲೆತ್ತಿದ. ಹಿಕ್ಮೆತ್ ಗೆರೆ ತೆಗೆದ. ರಿಫ್ಕಿ ಸೀನಿದ. ಎಡಗಡೆ ಒಂದು ಬೆರಳು ಹೆಚ್ಚಿಗೆ ಹೋಯಿತು.

"ಏನಿಲ್ಲ, ಬಲಗಡೆನೂ ಅಷ್ಟೇ ತೆಗೆದು ಸರಿ ಮಾಡ್ತೀನಿ."

ಬಲಗಡೆ ಸರಿಮಾಡಿದ. ಈಗ ಎಡಗಡೆ ದಪ್ಪ ಕಂಡಿತು. ಕುರ್ಚಿಗಳಲ್ಲಿದ್ದವರು ಎದ್ದು ಬಂದು ಸುತ್ತ ನಿಂತು, ಈ ಕಡೆ ಸ್ವಲ್ಪ, ಆ ಕಡೆ ಸ್ವಲ್ಪ ಎಂದು ತಲೆಗೊಂದು ಅಭಿಪ್ರಾಯ ಕೊಟ್ಟರು. ಕೊನೆಗೆ ರಿಫ್ಕಿಯ ತುಟಿಯ ಮೇಲೆ ಎರಡು ನೊಣ ಕೂತಷ್ಟು ಉಳಿಯಿತು.

"ಇದನ್ನ ಇಟ್ಕೊಂಡ್ರೆ ಜನ ನಗ್ತಾರೆ," ಎಂದ ನೆಜ್ಮಿ ದುಃಖದಿಂದ.

"ತೆಗೆದುಬಿಡಪ್ಪ," ಎಂದು ರಿಫ್ಕಿ ಕಣ್ಣು ಮುಚ್ಚಿದ. ಇಪ್ಪತ್ತೆರಡು ವರ್ಷದ ಮೀಸೆ ಗಾಳಿಯಲ್ಲಿ ಹಾರಿ ದೋಣಿಗಳ ಕಡೆ ಹೋಯಿತು.

ಐದನೇ ಸಲ ಅವನು ಕುಲಾವಿ ಹಾಕಿಕೊಂಡು, ಮಾಸ್ಕು ಬಿಗಿದುಕೊಂಡು ಇಳಿದ. ನೀರು ತುಂಬಿಸಿದ, ಊದಿದ, ಕೂತ. ಒಂದು ಹನಿಯೂ ಒಳಗೆ ಬರಲಿಲ್ಲ. ಐದು ನಿಮಿಷ ಕಳೆದು ಮೇಲೆ ಬಂದಾಗ ದಡದವರೆಲ್ಲ ಚಪ್ಪಾಳೆ ತಟ್ಟಿದರು. ಫೆರಿದುನ್ ಮೇಷ್ಟ್ರು ವ್ಯಾನಿಗೆ ಹೋಗಿ ಕನ್ನಡಕ ಹಾಕಿಕೊಂಡು, ಕಾರ್ಡಿಗೆ ಸಹಿ ಹಾಕಿ, ಆಮೇಲೆ ಇನ್ನೂ ಮಾಸ್ಕು ತೆಗೆಯದ ರಿಫ್ಕಿಯನ್ನು ಹತ್ತಿರದಿಂದ ನೋಡಿದರು.

"ಓ, ಈ ಸಲ ಕುಲಾವಿಯ ಅಂಚು ಮಾಸ್ಕಿನಿಂದ ಹೊರಗಿದೆ. ಬೆಳಿಗ್ಗೆ ಒಳಗೆ ಸಿಕ್ಕಿಕೊಂಡಿತ್ತೋ ಏನೋ. ಹಾಗೆ ಸಿಕ್ಕಿಕೊಂಡ್ರೆ ಎಂಥವರಿಗೂ ನೀರು ಬರತ್ತೆ."

"ಮೀಸೆ?" ಎಂದ ರಿಫ್ಕಿ.

"ಮೀಸೆಗೇನು. ನಾನೂ ಹಿಂದೆ ಮೀಸೆ ಇಟ್ಕೊಂಡೇ ಮೂವತ್ತು ವರ್ಷ ಮುಳುಗಿಲ್ವಾ."

ರಿಫ್ಕಿ ಕಲ್ಲಿನ ಮೇಲೆ ಕುಸಿದು ಕೂತ. ಮಾಸ್ಕು ಕಳಚಿ ಪಕ್ಕಕ್ಕಿಟ್ಟ. ಆದರೂ ಕಾರ್ಡು ಕೈಯಲ್ಲಿತ್ತು. ಮೀಸೆ ಹೋದರೆ ಹೋಯಿತು, ಇನ್ನು ದಿನವೂ ಅವಳ ಪಕ್ಕದಲ್ಲಿ, ಸದ್ದಿಲ್ಲದ ನೀರಿನಲ್ಲಿ, ಇಬ್ಬರೇ. ಹೀಗೆಂದುಕೊಂಡು ಅವನು ಮನಸ್ಸನ್ನು ಸಮಾಧಾನ ಮಾಡಿಕೊಳ್ಳುತ್ತಿರುವಾಗಲೇ ಪೆರಿಹಾನ್ ಬಂದಳು. ಕಪ್ಪು ಉಡುಪು ತೊಟ್ಟು ಸಿದ್ಧಳಾಗಿಯೇ ಬಂದಿದ್ದಳು. ನೇರ ಅವನ ಮುಂದೆ ನಿಂತು ಕೇಳಿದಳು.

"ಕ್ಷಮಿಸಿ, ರಿಫ್ಕಿಯವರು ಎಲ್ಲಿ?"

"ನಾನೇ ಮೇಡಂ."

ಅವಳು ನೋಡಿದಳು. ಗೋಡೆ ಬಿದ್ದ ಮನೆಯನ್ನು ನೋಡುವ ಹಾಗೆ ನೋಡಿದಳು. ಕುರ್ಚಿಗಳಲ್ಲಿ ಒಬ್ಬರೂ ನಗಲಿಲ್ಲ, ಅದರಿಂದ ರಿಫ್ಕಿಗೆ ಇನ್ನಷ್ಟು ಭಯವಾಯಿತು.

"ಯಾರು ಮಾಡಿದ್ದು ಇದನ್ನ?"

ಊರಿಗೆ ಊರೇ ಸಮುದ್ರದ ಕಡೆ ತಿರುಗಿತು.

"ಹೋದ ತಿಂಗಳು ಏನಾಯ್ತು ಗೊತ್ತಾ ನಿಮಗೆ?" ಪೆರಿಹಾನಳ ದನಿ ಸೋತುಹೋಗಿತ್ತು. "ಇಸ್ತಾಂಬುಲಿಂದ ಒಂದು ಬಸ್ ಜನ ಬಂದು ಇಲ್ಲೇ ನೀರಿಗಿಳಿದಿದ್ರು. ಎಲ್ಲರದ್ದೂ ಕಪ್ಪು ಉಡುಪು, ಕಪ್ಪು ಕುಲಾವಿ. ನನ್ನ ಜೋಡಿ ಅಂದ್ಕೊಂಡು ಅರ್ಧ ಗಂಟೆ ಯಾರದೋ ಕೈ ಹಿಡ್ಕೊಂಡು ಚಿಪ್ಪು ತೋರಿಸಿದೀನಿ. ಮೇಲೆ ಬಂದ್ರೆ ಯಾರೋ ಸುಂಕದ ಅಧಿಕಾರಿ. ದಡದಲ್ಲಿ ಅವನ ಹೆಂಡ್ತಿ. ನನ್ನ ಜೋಡಿಯವನು ಅವತ್ತೇ ಸಿಟ್ಟು ಮಾಡ್ಕೊಂಡು ಹೋದ. ಮಾಸ್ಕಿನ ಕೆಳಗೂ ಗುರುತು ಸಿಗೋ ಮುಖ ಬೇಕು ಅಂತ ಊರೆಲ್ಲ ಹುಡುಕಿ ನಿಮ್ಮನ್ನ ಆರಿಸಿದ್ದೆ."

ಅವತ್ತು ಅವಳು ನೋಡಿದ್ದು ತನ್ನನ್ನಲ್ಲ, ಮೀಸೆಯನ್ನು ಎಂಬುದು ರಿಫ್ಕಿಯ ಎದೆಗೆ ನಿಧಾನವಾಗಿ ಇಳಿಯಿತು, ಸೀಸದ ಗುಂಡು ಇಳಿದ ಹಾಗೆ.

"ಮತ್ತೆ ಬೆಳೆಯೋಕೆ ಎಷ್ಟು ದಿನ ಬೇಕು?" ಎಂದು ಅವಳು ಹಿಕ್ಮೆತನನ್ನು ಕೇಳಿದಳು.

ಹಿಕ್ಮೆತ್ ರಿಫ್ಕಿಯ ಗದ್ದ ಹಿಡಿದು ಕಸುಬಿನವನ ಗಾಂಭೀರ್ಯದಿಂದ ಪರೀಕ್ಷಿಸಿದ. "ಮೊದಲಿನ ಹಾಗೆ ಆಗ್ಬೇಕಂದ್ರೆ ಆರು ತಿಂಗಳು ಮೇಡಂ."

"ನಂಗಿರೋದು ಐದು ವಾರ."

ಹೀಗೆಂದವಳು ಹಿಕ್ಮೆತನ ಮುಖದ ಮೇಲಿಂದ ಕಣ್ಣು ತೆಗೆಯಲಿಲ್ಲ. ಕ್ಷೌರಿಕನ ಮೀಸೆ ಅವನ ಅಂಗಡಿಗೆ ಜಾಹೀರಾತು, ಎರಡು ಕಡೆಯೂ ಕೊಕ್ಕೆಯಂತೆ ಮೇಲೆದ್ದಿತ್ತು.

"ನಿಮ್ಮಂಗಡಿಗೆ ರಜೆ ಯಾವಾಗ ಹಿಕ್ಮೆತ್?"

"ಇವತ್ತಿಂದಲೇ ಮೇಡಂ," ಎಂದ ಹಿಕ್ಮೆತ್. ರಿಫ್ಕಿಯ ಕಡೆ ನೋಡುವ ಧೈರ್ಯ ಅವನಿಗಿರಲಿಲ್ಲ.

ಜನ ಚದುರಿದರು. ರಿಫ್ಕಿ ಒದ್ದೆ ಉಡುಪಿನಲ್ಲೇ ಕೂತಿದ್ದ. ಫೆರಿದುನ್ ಮೇಷ್ಟ್ರು ಬಂದು ಅವನ ಹೆಗಲ ಮೇಲೆ ಕೈಯಿಟ್ಟರು.

"ರಿಫ್ಕಿ, ಹಿಕ್ಮೆತ್ ಅಭ್ಯಾಸ ಮಾಡೋಕೆ ನೀರೊಳಗೆ ಒಂದು ಜೋಡಿ ಬೇಕು. ನನ್ನ ಬಿಟ್ರೆ ಕಾರ್ಡು ಇರೋರು ಈ ಊರಲ್ಲಿ ನೀವೊಬ್ರೇ. ನಾಳೆ ಬೆಳಿಗ್ಗೆ ಏಳಕ್ಕೆ ಬಂದ್ಬಿಡಿ."