ದೋಣಿಗೆ ಅಂಟಿದ ಮದುವೆ

ತೀರ್ಥಪ್ರಸಾದನ ಸಂಕಟಕ್ಕೆಲ್ಲ ಕಾರಣ ಐಸು.

ಅವನ ಊರು ಬಾಳೆಕಡವು ಭಾಗಮಂಡಲದಿಂದ ಸ್ವಲ್ಪ ಕೆಳಗೆ, ಹೊಳೆಯ ದಂಡೆಯಲ್ಲಿದೆ. ಮಳೆಗಾಲದಲ್ಲಿ ರಸ್ತೆ ಮುಳುಗಿದಾಗ ಜನರನ್ನು ದಾಟಿಸಲೆಂದು ಹೋದ ವರ್ಷ ಊರಿಗೆ ಸರ್ಕಾರದಿಂದ ಒಂದು ಫೈಬರ್ ದೋಣಿ ಬಂದಿತ್ತು. ಕಿತ್ತಳೆ ಬಣ್ಣದ್ದು, ಆರು ಜನ ಕೂರುವಂಥದ್ದು. ಅದನ್ನು ನಡೆಸುವ ನಾಲ್ಕು ತಿಂಗಳ ಕೆಲಸ ತೀರ್ಥಪ್ರಸಾದನದು. ಉಳಿದ ಎಂಟು ತಿಂಗಳು ದೋಣಿ ಅವನ ಅಂಗಳದಲ್ಲಿ ಮಗುಚಿ ಬಿದ್ದಿರುತ್ತಿತ್ತು, ಅದರ ಮೇಲೆ ಹಪ್ಪಳ ಒಣಗುತ್ತಿತ್ತು.

ಡಿಸೆಂಬರಿನಲ್ಲಿ ನೆರೆಮನೆಯ ನಾಣಯ್ಯ ಮಾವನ ಮಗಳು ಗಾನವಿಗೆ ಮದುವೆಯಾಯಿತು. ಜ್ಯೂಸಿನ ಬಾಟಲಿಗಳನ್ನು ತಣ್ಣಗಿಡಲು ಊರಿನ ಯಾವ ಪಾತ್ರೆಯೂ ಸಾಲದು ಎಂದಾಗ ಎಲ್ಲರ ಕಣ್ಣೂ ದೋಣಿಯ ಮೇಲೆ ಬಿತ್ತು. ಇಲ್ಲ ಎನ್ನುವ ಅಭ್ಯಾಸ ತೀರ್ಥಪ್ರಸಾದನಿಗೆ ಇರಲಿಲ್ಲ. ದೋಣಿ ತುಂಬ ಐಸು, ಐಸಿನ ತುಂಬ ಬಾಟಲಿ. ಮದುಮಗಳಿಗಿಂತ ದೋಣಿಯ ಫೋಟೊ ತೆಗೆದವರೇ ಹೆಚ್ಚು. ಸುಂಟಿಕೊಪ್ಪದಿಂದ ಬಂದಿದ್ದ ಅಲಂಕಾರದವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ದೋಣಿಯ ಎರಡೂ ಬದಿಗೆ ಚಿನ್ನದ ಬಣ್ಣದ ಸ್ಟಿಕ್ಕರ್ ಪಟ್ಟಿ ಎರಡೆರಡು ಎಳೆದು, ನಡುವೆ ಗೇಣುದ್ದದ ಅಕ್ಷರಗಳಲ್ಲಿ ‘ಗಾನವಿ ವೆಡ್ಸ್ ಶಶಿಧರ’ ಎಂದು ಅಂಟಿಸಿಬಿಟ್ಟರು.

“ಅದನ್ನು ಕಿತ್ತು ಹಾಕಿ,” ಎಂದು ಹೆಂಡತಿ ಪೂಜಿತಾ ಜನವರಿಯಲ್ಲಿ ಹೇಳಿದಳು. ಫೆಬ್ರವರಿಯಲ್ಲೂ ಹೇಳಿದಳು. “ಮಳೆ ಬಂದಾಗ ತಾನೇ ಹೋಗ್ತದೆ,” ಎಂದು ತೀರ್ಥಪ್ರಸಾದ ಎರಡು ಸಲವೂ ಮಗ್ಗುಲು ಬದಲಿಸಿದ.

ಮೇ ಕೊನೆಯ ಆ ಗುರುವಾರ ಬೆಳಿಗ್ಗೆ ಎಂಟಕ್ಕೆ ಫೋನ್ ಬಂತು. ನೆರೆ ಪರಿಹಾರದ ಉಸ್ತುವಾರಿ ಮೇಡಂ ಮೂರು ಗಂಟೆಗೆ ದೋಣಿ ನೋಡಲು ಬರುತ್ತಾರೆ. ಎಲ್ಲ ಸರಿಯಿದ್ದರೆ ಈ ಮಳೆಗಾಲದ ಕೆಲಸದ ಆರ್ಡರಿಗೆ ಅಲ್ಲೇ ಸಹಿ. ದೋಣಿಯನ್ನು ಖಾಸಗಿ ಕೆಲಸಕ್ಕೆ ಕೊಟ್ಟದ್ದು ಗೊತ್ತಾದರೆ ಕೆಲಸ ಬೇರೆಯವರಿಗೆ.

ತೀರ್ಥಪ್ರಸಾದನ ಮುಖ ನೆನೆದ ಹಪ್ಪಳದಂತಾಯಿತು.

“ಹೋದ್ರೆ ಹೋಗ್ಲಿ ಬಿಡಿ,” ಎಂದಳು ಪೂಜಿತಾ ತಣ್ಣಗೆ. “ನನ್ನ ಅಣ್ಣನಿಗೆ ಹಂದಿಗೂಡು ತೊಳೆಯೋಕೆ ಜನ ಬೇಕಂತೆ. ನಲವತ್ತು ಹಂದಿ ಉಂಟು. ನಿಮ್ಮನ್ನೇ ಕೇಳ್ತಾ ಇದ್ದ.”

ಮರುಕ್ಷಣ ತೀರ್ಥಪ್ರಸಾದ ಅಂಗಳದಲ್ಲಿದ್ದ.

ಆರು ತಿಂಗಳ ಬಿಸಿಲು ತಿಂದ ಸ್ಟಿಕ್ಕರ್ ಬರುವ ರೀತಿಯೇ ಬೇರೆ. ಉಗುರಿನಿಂದ ಕೆರೆದರೆ ಸಾಸಿವೆಯಷ್ಟು ಬಂತು. ಇನ್ನೊಮ್ಮೆ ಕೆರೆದರೆ ಇನ್ನೊಂದು ಸಾಸಿವೆ. ಈ ಲೆಕ್ಕದಲ್ಲಿ ‘ಗಾ’ ಮುಗಿಯುವಾಗ ದೀಪಾವಳಿ ಬರುತ್ತಿತ್ತು. ಅವನು ಕತ್ತಿ ತರಲು ಎದ್ದ.

“ಕತ್ತಿ ಬೇಡ, ಫೈಬರಿಗೆ ಗೀರು ಬೀಳ್ತದೆ,” ಎಂದು ಪೂಜಿತಾ ತನ್ನ ಹೇರ್ ಡ್ರೈಯರ್ ಮತ್ತು ದೋಸೆ ಮಗುಚುವ ಮರದ ಸಟ್ಟುಗ ತಂದಳು. ಬಿಸಿಗಾಳಿ ಊದುತ್ತಿದ್ದಂತೆ ಸ್ಟಿಕ್ಕರ್ ಮೆತ್ತಗಾಗಿ, ಸಟ್ಟುಗದ ತುದಿಗೆ ಸಲೀಸಾಗಿ ಎದ್ದು ಬಂತು. ಬಲಬದಿಯ ಎರಡು ಪಟ್ಟಿ ಹತ್ತು ನಿಮಿಷದಲ್ಲಿ ಹೋದವು. ತೀರ್ಥಪ್ರಸಾದ ಶಿಳ್ಳೆ ಹಾಕುತ್ತ ‘ಶಶಿಧರ’ನ ಕಡೆಗೆ ತಿರುಗಿದ. ‘ರ’ ಅರ್ಧ ಎದ್ದಿತ್ತು.

“ಅಯ್ಯೋ! ನಿಲ್ಸು! ಎಂತ ಮಾಡ್ತಿದ್ದಿ ನೀನು?”

ಬೇಲಿಯಾಚೆ ಗಾನವಿಯ ತಾಯಿ ದಮಯಂತಿ ಅತ್ತೆ. ಕೈಯಲ್ಲಿ ಹಾಲಿನ ಚೆಂಬು.

“ಸ್ಟಿಕ್ಕರ್ ತೆಗೀತಿದ್ದೇನೆ ಅತ್ತೆ.”

“ನನ್ನ ಅಳಿಯನ ಹೆಸರು ತೆಗೀತಿದ್ದಿ! ಹುಡುಗಿ ನಾಲ್ಕು ತಿಂಗಳ ಬಸುರಿ. ಗಂಡನ ಹೆಸರು ಮೊದಲು ಕೀಳೋದಾ?”

“ಸರಿ, ಗಾನವಿಯದ್ದು ಮೊದಲು ತೆಗೀತೇನೆ.”

“ಬಾಯಿಗೆ ಬಂದದ್ದು ಮಾತಾಡ್ಬೇಡ! ಎರಡೂ ಒಟ್ಟಿಗೇ ಹೋಗ್ಬೇಕು. ಒಂದೂ ಹಿಂದೆ ಮುಂದೆ ಆಗಬಾರದು.”

ಹಾಗಾಗಿ ಪೂಜಿತಾ ಗಾನವಿಯ ಬಳಿ, ತೀರ್ಥಪ್ರಸಾದ ಶಶಿಧರನ ಬಳಿ ಕುಳಿತರು. ದಮಯಂತಿ ಅತ್ತೆ ನಡುವೆ ನಿಂತು ಓಟದ ಪಂದ್ಯದ ಮೇಷ್ಟರಂತೆ ಇಬ್ಬರ ಮೇಲೂ ಕಣ್ಣಿಟ್ಟರು. ಆದರೆ ಗಾನವಿಗೆ ಮೂರಕ್ಷರ, ಶಶಿಧರನಿಗೆ ನಾಲ್ಕು. ಪೂಜಿತಾ ಬೇಗ ಮುಗಿಸಿಬಿಡುತ್ತಾಳೆಂದು ಅತ್ತೆ ಅವಳನ್ನು ಎರಡೆರಡು ಸಲ ತಡೆದು, “ನೀನು ನೀರು ಕುಡಿ” ಎಂದರು. ಹೇರ್ ಡ್ರೈಯರ್ ಒಂದೇ. ಅದು ಗಂಡನಿಂದ ಹೆಂಡತಿಗೆ, ಹೆಂಡತಿಯಿಂದ ಗಂಡನಿಗೆ ಹೋಗಿ ಬಂದು, ಹೋಗಿ ಬಂದು, ಕೊನೆಗೆ ಕರೆಂಟೇ ಹೋಯಿತು.

ಕರೆಂಟು ಹೋದರೇನು, ಹಂಡೆ ಇತ್ತು. ಕುದಿಯುವ ನೀರಿಗೆ ಬಟ್ಟೆ ಅದ್ದಿ ಒತ್ತುತ್ತ, ಬೆರಳು ಸುಟ್ಟುಕೊಳ್ಳುತ್ತ, ಊದಿಕೊಳ್ಳುತ್ತ, ಹನ್ನೆರಡೂವರೆಗೆ ಉಳಿದ ಪಟ್ಟಿಗಳನ್ನೂ ಎರಡೂ ಬದಿಯ ಅಕ್ಷರಗಳನ್ನೂ ತೆಗೆದರು. ಕೊನೆಯ ಚೂರುಗಳನ್ನು ಅತ್ತೆ “ಒಂದು, ಎರಡು, ಮೂರು” ಎಂದು ಎಣಿಸಿ ಒಟ್ಟಿಗೇ ಎಳೆಸಿದರು.

ಸ್ಟಿಕ್ಕರ್ ಹೋಯಿತು, ಗೋಂದು ಉಳಿಯಿತು. ಮುಟ್ಟಿದರೆ ಕೈ ಹಿಡಿದುಕೊಳ್ಳುವ ಗೋಂದು. ಅಷ್ಟರಲ್ಲಿ ಗಾಳಿಯೊಂದು ಬೀಸಿ ಅಂಗಳದಲ್ಲಿದ್ದ ಕಾಫಿ ಸಿಪ್ಪೆಯೆಲ್ಲ ಎದ್ದು ಬಂದು ದೋಣಿಗೆ ಕುಳಿತಿತು. ಏನು ಗಲಾಟೆ ಎಂದು ನೋಡಲು ಬಂದ ಎರಡು ಕೋಳಿಗಳು ತಮ್ಮ ಪುಕ್ಕವನ್ನೂ ಕೊಟ್ಟು ಹೋದವು. ಪ್ರವಾಹದಲ್ಲಿ ಜನರನ್ನು ಕಾಪಾಡಬೇಕಾದ ದೋಣಿ ಅರ್ಧ ಸುಲಿದ ಹುಂಜದಂತೆ ಕಾಣುತ್ತಿತ್ತು.

ಆಗ ಬಂದವರು ಮೊಣ್ಣಪ್ಪ. ಸೇನೆಯಿಂದ ನಿವೃತ್ತರಾಗಿ ಹದಿನೈದು ವರ್ಷವಾದರೂ ಎಲ್ಲ ಸಮಸ್ಯೆಗೂ ಅವರಲ್ಲಿ ಸೇನೆಯ ಒಂದು ಪರಿಹಾರ ಇರುತ್ತಿತ್ತು.

“ಗೋಂದಾ? ಸಿಂಪಲ್. ನಾವು ಸಿಯಾಚಿನ್‌ನಲ್ಲಿ ಟ್ರಕ್ಕಿನ ಗ್ಲಾಸು ಎಂತದ್ರಲ್ಲಿ ತೊಳೀತಿದ್ದೆವು ಗೊತ್ತುಂಟಾ?” ಎಂದು ಮನೆಗೆ ಹೋಗಿ ಕ್ಯಾಂಟೀನಿನ ರಮ್ ಬಾಟಲಿ ತಂದರು. “ದೋಣಿಗೊಂದು ಮುಚ್ಚಳ, ನನಗೊಂದು ಮುಚ್ಚಳ. ಬಟ್ಟೆಯಲ್ಲಿ ಚೆನ್ನಾಗಿ ಉಜ್ಜು.”

ತೀರ್ಥಪ್ರಸಾದ ಉಜ್ಜಿದ. ಅರ್ಧ ಗಂಟೆಯಲ್ಲಿ ಗೋಂದು ಕರಗಿತೋ ಇಲ್ಲವೋ, ಮೊಣ್ಣಪ್ಪ ಕರಗಿದ್ದರು. “ಒಳ್ಳೆ ದೋಣಿ ಮಾರಾಯ, ಒಳ್ಳೆ ದೋಣಿ,” ಎಂದು ಅದರ ಬೆನ್ನು ಸವರುತ್ತಿದ್ದರು.

ಕೊನೆಗೆ ಪೂಜಿತಾಳೇ ಬಾಟಲಿ ಕಿತ್ತಿಟ್ಟು, ಗೋಂದಿಗೆಲ್ಲ ತೆಂಗಿನೆಣ್ಣೆ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು, ಸಾಬೂನು ಹಾಕಿ ತೊಳೆದಳು. ಗೋಂದು, ಸಿಪ್ಪೆ, ಪುಕ್ಕ ಎಲ್ಲ ಒಟ್ಟಿಗೆ ಜಾರಿ ಹೋದವು. ಎರಡು ಗಂಟೆಗೆ ದೋಣಿ ಬೆಣ್ಣೆಯಂತೆ ನುಣ್ಣಗಾಗಿತ್ತು.

ನೀರು ಆರುತ್ತ ಬಂತು. ನಾಲ್ವರೂ ಸ್ವಲ್ಪ ಹಿಂದೆ ಸರಿದು ನೋಡಿದರು.

ಆರು ತಿಂಗಳ ಬಿಸಿಲಿಗೆ ದೋಣಿಯ ಕಿತ್ತಳೆ ಬಣ್ಣ ಮಾಸಿ ಹಳೇ ಪಂಚೆಯಂತಾಗಿತ್ತು. ಸ್ಟಿಕ್ಕರಿನ ಅಡಿಯಲ್ಲಿದ್ದಷ್ಟು ಜಾಗ ಮಾತ್ರ ಬಿಸಿಲೇ ಕಾಣದೆ ಹೊಸದರಂತೆ ಉರಿಯುತ್ತಿತ್ತು. ಎರಡು ಪಟ್ಟಿ. ನಡುವೆ, ಮೊದಲಿಗಿಂತಲೂ ಸ್ಪಷ್ಟವಾಗಿ, ಗಾನವಿ ವೆಡ್ಸ್ ಶಶಿಧರ.

“ನೋಡಿದ್ರಾ?” ಎಂದರು ದಮಯಂತಿ ಅತ್ತೆ, ಕಣ್ಣಲ್ಲಿ ನೀರು ತುಂಬಿ. “ಎಂಥ ಗಟ್ಟಿ ಸಂಬಂಧ!”

ತೀರ್ಥಪ್ರಸಾದನ ಕಿವಿಯಲ್ಲಿ ನಲವತ್ತು ಹಂದಿಗಳು ಒಟ್ಟಿಗೇ ಕೂಗಿದವು.

ಹಲ್ಲುಪುಡಿ ಹಾಕಿ ಉಜ್ಜಿದ, ಹೋಗಲಿಲ್ಲ. ಬೂದಿ ಹಾಕಿ ಉಜ್ಜಿದ, ಇನ್ನೂ ಮಿಂಚಿತು. ಪೇಂಟ್ ತರಲು ಮಡಿಕೇರಿಗೆ ಹೋಗಿ ಬರುವಷ್ಟು ಹೊತ್ತಿರಲಿಲ್ಲ. ಟಾರ್ಪಾಲ್ ಹೊದಿಸಿದರೆ ನೋಡಲು ಬಂದವರು ಅದನ್ನು ಎತ್ತದೆ ಬಿಡುತ್ತಾರೆಯೇ?

“ನೀರಿಗೆ ಹಾಕು,” ಎಂದರು ಮೊಣ್ಣಪ್ಪ ದಿಢೀರನೆ. “ಲೋಡ್ ಕೊಟ್ರೆ ದೋಣಿ ತಗ್ಗುತ್ತದೆ. ಹೆಸರು ನೀರಿನ ಅಡಿಗೆ ಹೋಗ್ತದೆ. ಯಾರಿಗೆ ಕಾಣ್ತದೆ?”

ಅಂದು ಅವರ ಬಾಯಿಂದ ಬಂದ ಮೊದಲ ಉಪಯೋಗದ ಮಾತು ಅದು. ಎರಡು ದಿನದ ಹಿಂದೆ ಬಿದ್ದ ಮಳೆಗೆ ಹೊಳೆ ಚಹಾದ ಬಣ್ಣಕ್ಕೆ ತಿರುಗಿತ್ತು. ಅದರೊಳಗೆ ಏನಿದ್ದರೂ ಕಾಣುತ್ತಿರಲಿಲ್ಲ. ಮೂತಿ ದಂಡೆಯ ಮೆಟ್ಟಿಲಿಗೆ ತಾಗುವಂತೆ ದೋಣಿಯನ್ನು ಎದೆಮಟ್ಟದ ನೀರಿಗೆ ಇಳಿಸಿ, ದಂಡೆಗೆ ಬಂದಿದ್ದ ನಾಣಯ್ಯ ಮಾವನೂ ಸೇರಿ ಐದು ಜನ ಹತ್ತಿದರು. ಕೆಳಗಿನ ಪಟ್ಟಿ ಮುಳುಗಿತು. ಹೆಸರು ಮುಳುಗಲಿಲ್ಲ. ದಮಯಂತಿ ಅತ್ತೆ ದಂಡೆಯ ಮೇಲೆ ಹೋಗುತ್ತಿದ್ದ ಸ್ತ್ರೀಶಕ್ತಿ ಸಂಘದವರನ್ನು ಕೂಗಿದರು. ಯಾಕೆ ಎಂದು ಒಬ್ಬರೂ ಕೇಳಲಿಲ್ಲ. ಎಂಟು ಹೆಂಗಸರು ಚೀಲ, ಕೊಡೆ ಸಮೇತ ದೋಣಿ ಹತ್ತಿದರು. ದೋಣಿ ನಿಟ್ಟುಸಿರು ಬಿಟ್ಟು ಇಳಿಯಿತು. ಗಾನವಿಯೂ ಶಶಿಧರನೂ ಮುಳುಗಿದರು, ಅತ್ತೆಯ ಇಷ್ಟದಂತೆ ಒಟ್ಟಿಗೇ. ಅಂಚಿಗೂ ನೀರಿಗೂ ನಾಲ್ಕು ಬೆರಳಿನ ಅಂತರ.

“ಯಾರೂ ಸೀನಬೇಡಿ,” ಎಂದ ತೀರ್ಥಪ್ರಸಾದ.

ಮೂರಕ್ಕೆ ಸರಿಯಾಗಿ ಜೀಪು ಬಂತು. ಇಳಿದವರು ಉಸ್ತುವಾರಿ ಮೇಡಂ ವಿಶಾಲಾಕ್ಷಮ್ಮ, ಊರು ಕೊಡ್ಲಿಪೇಟೆ ಕಡೆ, ಮಾತು ಖಡಕ್ಕು.

“ಏನ್ರೀ ಇದು? ಎಷ್ಟು ಜನ ಕೂರೋ ದೋಣಿ?”

“ಆರು, ಮೇಡಂ.”

“ಹದಿಮೂರು ತಲೆ ಕಾಣ್ತಾವಲ್ರೀ!”

“ಲೋಡ್ ಟೆಸ್ಟ್!” ಎಂದು ಮೊಣ್ಣಪ್ಪ ಕುಳಿತಲ್ಲಿಂದಲೇ ಸೆಲ್ಯೂಟ್ ಹೊಡೆದರು. ದೋಣಿ ವಾಲಿತು. ಹೆಂಗಸರು ಒಟ್ಟಿಗೇ ಕಿರುಚಿದರು.

“ಎಲ್ಲ ಇಳೀರಿ ಮೊದ್ಲು! ಇಳೀರಿ ಅಂದೆ!”

ಇಬ್ಬರು ಇಳಿದರು. ದೋಣಿ ಒಂದು ಅಂಗುಲ ಎದ್ದಿತು. ನೀರಿನಿಂದ ಮೇಲಿನ ಪಟ್ಟಿ ತಲೆ ಹಾಕಿತು. ತೀರ್ಥಪ್ರಸಾದ ನೀರಿಗೆ ಹಾರಿ ಅಂಚನ್ನು ಹಿಡಿದು ಜಗ್ಗಿದ. ಇನ್ನೂ ಮೂವರು ಇಳಿದರು. ಅಕ್ಷರಗಳ ತಲಕಟ್ಟು ಕಂಡಿತು. ಅವನು ಗಾನವಿಯ ಮೇಲೆ ಎದೆಯೊತ್ತಿ ನಿಂತ, ಶಶಿಧರ ಹೊರಗುಳಿದ. ಶಶಿಧರನ ಕಡೆ ಸರಿದ, ಗಾನವಿ ಕಂಡಳು. ಒಬ್ಬೊಬ್ಬರು ಇಳಿದಂತೆಲ್ಲ ಹೆಸರು ಸೂರ್ಯೋದಯದಂತೆ ಮೇಲೇರುತ್ತ ಬಂತು. ಕೊನೆಗೆ ದಮಯಂತಿ ಅತ್ತೆಯೂ ಸೀರೆ ಎತ್ತಿಕೊಂಡು ಇಳಿದುಬಿಟ್ಟರು. ದೋಣಿ ಹಗುರಾಗಿ ಕುಣಿದು, ಸುತ್ತ ತಿರುಗಿ, ತನ್ನ ಬಲಬದಿಯನ್ನು ಪೂರ್ತಿಯಾಗಿ ಮೇಡಂಗೆ ತೋರಿಸಿತು.

ವಿಶಾಲಾಕ್ಷಮ್ಮ ಕನ್ನಡಕ ಏರಿಸಿ ಓದಿದರು. ಮತ್ತೊಮ್ಮೆ ಓದಿದರು.

“ಮೇಡಂ, ತಪ್ಪಾಯ್ತು,” ಎಂದ ತೀರ್ಥಪ್ರಸಾದ. ನೀರು ಎದೆಮಟ್ಟ ಇತ್ತು, ದನಿ ಅದಕ್ಕಿಂತ ಕೆಳಗಿತ್ತು. “ಬೆಳಿಗ್ಗೆಯಿಂದ ತೆಗೀತಾ ಇದ್ದೇನೆ. ಪಟ್ಟಿ, ಸ್ಟಿಕ್ಕರ್ ಎಲ್ಲ ತೆಗೆದೆ. ಗುರುತು ಮಾತ್ರ…”

“ತೆಗೆದ್ರಾ?” ವಿಶಾಲಾಕ್ಷಮ್ಮನ ಮುಖ ಬಾಡಿತು. “ಆ ಚಿನ್ನದ ಪಟ್ಟಿ ಎಲ್ಲಾ ತೆಗೆದುಬಿಟ್ರಾ? ಎಂಥಾ ಕೆಲಸ ಮಾಡಿದ್ರಿ! ಯಾರದ್ದೋ ಸ್ಟೇಟಸ್ಸಲ್ಲಿ ಫೋಟೊ ನೋಡಿದಾಗಿಂದ ನನ್ನ ಮಗಳು ಒಂದೇ ಹಟ. ಐಸು ತುಂಬಿದ ದೋಣಿ ಇಲ್ದೆ ಮದ್ವೆ ಆಗಲ್ಲ ಅಂತ ಕೂತವಳೆ. ಭಾನುವಾರ ಮದ್ವೆ. ಅದಕ್ಕೇ ನಾನೇ ಖುದ್ದಾಗಿ ನೋಡೋಕೆ ಬಂದಿದ್ದು.”

ತೀರ್ಥಪ್ರಸಾದ ಬಾಯಿ ತೆರೆದ. ದೋಣಿ ಎಬ್ಬಿಸಿದ ಅಲೆಗೆ ಸ್ವಲ್ಪ ಹೊಳೆ ಒಳಗೆ ಹೋಯಿತು.

“ಅಂದ್ರೆ… ಆರ್ಡರ್, ಮೇಡಂ?”

“ಅದಕ್ಕೇನವಸರ? ಕೊಡ್ಲಿಪೇಟೇಲಿ ನೆರೆ ರಕ್ಷಣೆ ತಾಲೀಮು ಅಂತ ಬರೆದು ದೋಣಿ ನಾಳೇನೇ ಕಳಿಸಿ. ಹಳೇ ಗುರುತು ಮುಚ್ಚೋ ಹಂಗೆ ನಾವು ದೊಡ್ಡದಾಗಿ ಸ್ಟಿಕ್ಕರ್ ಮಾಡಿಸ್ತೀವಿ, ಬೇಗ ಕಿತ್ತು ಬರದಂಥ ಒಳ್ಳೆ ಕ್ವಾಲಿಟಿದು. ಮದ್ವೆ ಮುಗಿದ ಮೇಲೆ ನೀವು ಅದೆಲ್ಲ ತೆಗೆದು ದೋಣಿ ಚೊಕ್ಕಟ ಮಾಡಿ ತೋರ್ಸಿ. ಸಹಿ ಹಾಕ್ತೀನಿ. ಸರ್ಕಾರಿ ದೋಣಿ ಮೇಲೆ ಹೆಸರು ಇರೋ ಹಂಗಿಲ್ಲ ಕಣ್ರೀ.”

ತೀರ್ಥಪ್ರಸಾದ ಸುಟ್ಟು ಊದಿಕೊಂಡ ಹತ್ತು ಬೆರಳುಗಳನ್ನೂ ನೋಡಿಕೊಂಡ.

“ಹೆಸರು ಎಷ್ಟು ಉದ್ದ ಉಂಟು ಮೇಡಂ?”

ವಿಶಾಲಾಕ್ಷಮ್ಮ ಬ್ಯಾಗಿನಿಂದ ಲಗ್ನಪತ್ರಿಕೆ ತೆಗೆದು, ಸಂತೋಷದಿಂದ, ನಿಧಾನವಾಗಿ ಓದಿದರು. “ದಿವ್ಯಶ್ರೀ, ಎಂ.ಎಸ್ಸಿ., ಬಿ.ಎಡ್., ವೆಡ್ಸ್ ಚೇತನ್‌ಕುಮಾರ್ ಚನ್ನಮಲ್ಲಪ್ಪ, ಬಿ.ಎಸ್ಸಿ. ಅಗ್ರಿ, ಎಂ.ಎಸ್ಸಿ. ಅಗ್ರಿ, ಎಂ.ಬಿ.ಎ. ಎರಡೂ ಬದಿಗೆ.”

“ಇದೆಲ್ಲ… ಹುಡುಗ ಪಾಸಾಗಿದ್ದಾರಾ ಮೇಡಂ?” ಎಂದು ತೀರ್ಥಪ್ರಸಾದ ಕೊನೆಯ ಆಸೆಯಿಂದ ಕೇಳಿದ.

“ಎಲ್ಲಾ ಫಸ್ಟ್ ಕ್ಲಾಸು! ಪಿಎಚ್.ಡಿ. ರಿಸಲ್ಟು ಶನಿವಾರ ಬರುತ್ತಂತೆ. ಬಂದ್ರೆ ಅದನ್ನೂ ಅಂಟಿಸ್ತೀವಿ.”