ಜರಡಿಗೆ ಸಿಕ್ಕ ಸುಳ್ಳು

ಸುಳ್ಳು ಸುದ್ದಿ ಹಿಡಿಯುವ ತಂತ್ರಜ್ಞಾನ ಸ್ಪರ್ಧೆಗೆ ಹೊರಟಿದ್ದ ಲೈಬ್ರರಿ ಸಾರ್‌ಗೆ ಬೆಳಿಗ್ಗೆ ಏಳು ಗಂಟೆಗೆ ಒಂದು ಕೊರತೆ ಕಾಣಿಸಿತು. ಅವರ ಹತ್ತಿರ ತಾಜಾ ಸುಳ್ಳು ಒಂದೂ ಇರಲಿಲ್ಲ.

ಎರಡು ವರ್ಷ ಪುಸ್ತಕದ ಕಪಾಟುಗಳ ನಡುವೆ ಕೂತು, ತಾವೇ ಕಲಿತು, ‘ಜರಡಿ’ ಎಂಬ ತಂತ್ರಾಂಶ ಬರೆದಿದ್ದರು. ಯಾವ ಸಂದೇಶ ಹಾಕಿದರೂ ಮೂಲ ಹುಡುಕಿ, ನಿಜವೋ ಸುಳ್ಳೋ ಹೇಳಿಬಿಡುತ್ತಿತ್ತು. ಆದರೆ ವೇದಿಕೆಯ ಮೇಲೆ ಹಳಸಿದ ಸುಳ್ಳು ಹಿಡಿದು ತೋರಿಸಿದರೆ ಯಾರು ಮೆಚ್ಚುತ್ತಾರೆ? ಕೊನೆಗೆ ತಾವೇ ಒಂದನ್ನು ಹೆತ್ತರು. ‘ಎಂಟು ಗಂಟೆಯಿಂದ ನಲ್ಲಿ ನೀರು ಬಂದ್ ಅಂತೆ’ ಎಂದು ತಮ್ಮ ಕಟ್ಟಡದ ಮೊಬೈಲ್ ಗ್ರೂಪಿಗೆ ಹಾಕಿದರು. ಸ್ನಾನ ಮುಗಿಸಿ ಬಂದು ಅಳಿಸಿದರಾಯಿತು ಎಂದುಕೊಂಡು ಬಚ್ಚಲಿಗೆ ಹೋದರು.

ತಲೆಗೂ ಮುಖಕ್ಕೂ ಸೋಪು ಹಚ್ಚಿ ನಿಂತಿದ್ದಾಗ, ನಲ್ಲಿ ಮುದಿ ಬೆಕ್ಕಿನಂತೆ ಎರಡು ಸಲ ಕೆಮ್ಮಿ ಸುಮ್ಮನಾಯಿತು.

“ಏನೇ, ನೀರು ನಿಂತೋಯ್ತಲ್ಲ!”

“ನೀವೇ ಗ್ರೂಪಲ್ಲಿ ಹಾಕಿದ್ರಲ್ಲ ರೀ,” ಎಂದಳು ಹೆಂಡತಿ ಹೊರಗಿನಿಂದ. “ಇಡೀ ಬಿಲ್ಡಿಂಗು ಡ್ರಮ್ಮು, ಬಕೆಟ್ಟು ತುಂಬಿಸ್ಕೊಳ್ತಿದೆ. ಗೊತ್ತಿದ್ದೂ ಸ್ನಾನಕ್ಕೆ ಹೋಗ್ತಾರಾ ಯಾರಾದ್ರೂ?”

“ಅದು ಸುಳ್ಳು ಕಣೇ!”

“ಸುಳ್ಳಾದ್ರೆ ನೀರೆಲ್ಲಿ?”

ಬಾಗಿಲ ಸಂದಿಯಿಂದ ಒಂದು ತಂಬಿಗೆ ನೀರು ಒಳಗೆ ಬಂತು. ಅದರಲ್ಲಿ ಕಣ್ಣು ಮಾತ್ರ ತೊಳೆದುಕೊಂಡು ಈಚೆ ಬಂದವರೇ, ‘ಆ ಸುದ್ದಿ ಸುಳ್ಳು, ನೀರು ವ್ಯರ್ಥ ಮಾಡಬೇಡಿ’ ಎಂದು ಗ್ರೂಪಿಗೆ ಬರೆದರು.

ಕೆಳಮನೆಯ ನಿವೃತ್ತ ಹೆಡ್‌ಮಿಸ್ ತಕ್ಷಣ ಉತ್ತರ ಹಾಕಿದರು: ‘ಲೈಬ್ರರಿ ಸಾರ್ ಫೋನು ಯಾರೋ ಕಳ್ಳರ ಕೈಗೆ ಸಿಕ್ಕಿದೆ. ಯಾರೂ ನಂಬಬೇಡಿ. ನೀರು ಮೂರು ದಿನ ಇಲ್ಲ. ಎಲ್ಲರಿಗೂ ತಿಳಿಸಿ.’

ಎಲ್ಲರೂ ಎಲ್ಲರಿಗೂ ತಿಳಿಸಿದರು.

ಹನ್ನೊಂದಕ್ಕೆ ಲೈಬ್ರರಿ ಸಾರ್ ವೇದಿಕೆ ಹತ್ತಿದಾಗ ಕೂದಲು ಹಳೇ ಬ್ರಷ್ಷಿನಂತೆ ಸೆಟೆದು ನಿಂತಿತ್ತು. ಆದರೆ ಜರಡಿ ಕೈಕೊಡಲಿಲ್ಲ. ನೀರಿನ ಸಂದೇಶ ಹಾಕಿದ್ದೇ ತಡ, ಪರದೆಯ ತುಂಬ ಕೆಂಪಕ್ಷರ ಮೂಡಿತು: ಸುಳ್ಳು. ಸಭೆ ಚಪ್ಪಾಳೆ ತಟ್ಟಿತು.

ಮೂವರು ತೀರ್ಪುಗಾರರಲ್ಲಿ ನಡುವೆ ಕೂತಿದ್ದ ಪ್ರೊಫೆಸರಮ್ಮ ಮಾತ್ರ ತಟ್ಟಲಿಲ್ಲ.

“ಸುಳ್ಳು ಹೇಗೆ ಆಗುತ್ತೆ? ನಾನು ನಿಮ್ಮ ಪಕ್ಕದ ಬೀದಿಯವಳೇ. ಒಂಬತ್ತು ಗಂಟೆಯಿಂದ ನಮ್ಮನೇಲಿ ತೊಟ್ಟು ನೀರಿಲ್ಲ. ಏರಿಯಾದ ಟ್ಯಾಂಕೇ ಖಾಲಿ ಅಂತೆ. ನಿಮ್ಮ ಜರಡೀಲಿ ತೂತು ದೊಡ್ಡದಾಯ್ತು.”

ಎರಡು ವರ್ಷದ ದುಡಿಮೆ ಕಣ್ಣೆದುರೇ ಮುಳುಗುತ್ತಿತ್ತು. ಲೈಬ್ರರಿ ಸಾರ್ ತಡೆಯಲಾರದೆ ಬಾಯಿಬಿಟ್ಟರು.

“ಜರಡಿ ಹೇಳಿದ್ದು ಸರಿ ಮೇಡಂ. ಅದು ಸುಳ್ಳೇ. ಬರೆದೋನು ನಾನೇ.”

ಪ್ರೊಫೆಸರಮ್ಮ ಕನ್ನಡಕ ತೆಗೆದಿಟ್ಟರು.

“ಅಲ್ಲಾ ಸ್ವಾಮಿ, ನಾವು ಈ ಸ್ಪರ್ಧೆ ಇಟ್ಟಿರೋದೇ ನಿಮ್ಮಂಥೋರನ್ನ ಹಿಡಿಯೋಕೆ!”

ಅಲ್ಲಿಗೆ ಜರಡಿಯ ಕತೆ ಮುಗಿಯಿತು.

ಇನ್ನು ಮನೆಯಲ್ಲಿ ಎಷ್ಟು ಬೈಗುಳ ಕಾದಿದೆಯೋ ಎಂದು ಅಳುಕುತ್ತ ಗೇಟು ತಳ್ಳಿದರೆ, ಮೆಟ್ಟಿಲ ಮೇಲೆ ನಿಂತಿದ್ದ ನೆರೆಯವರೆಲ್ಲ ಚಪ್ಪಾಳೆ ಹೊಡೆದರು.

“ಏರಿಯಾಗೇ ನೀರಿಲ್ಲ ಸಾರ್, ನಮ್ಮನೆಗಳಲ್ಲಿ ಮಾತ್ರ ತುಂಬಿ ತುಳುಕ್ತಿದೆ. ಮುಂಚೇನೇ ಹೇಳಿದ್ರಿ, ಬದುಕಿದ್ವಿ,” ಎಂದರು ಹೆಡ್‌ಮಿಸ್.

“ಅಯ್ಯೋ, ನಾನು ಹೇಳಿದ್ದು ಸುಳ್ಳು ಅಮ್ಮಾ!”

“ಎಂಥಾ ವಿನಯ ನೋಡಿ! ಅದಕ್ಕೇ ನಿಮ್ಮನ್ನ ಬಿಲ್ಡಿಂಗಿನ ಸೆಕ್ರೆಟರಿ ಮಾಡಿದೀವಿ, ಒಮ್ಮತದಿಂದ.”

ಮೋಟರು, ಚರಂಡಿ, ಲಿಫ್ಟು, ನಲವತ್ತು ಮನೆಗಳ ದೂರು. ನಾಲ್ಕು ವರ್ಷದಿಂದ ಯಾರೂ ಮುಟ್ಟದ ಹುದ್ದೆ ಅದು. ಬೇಡವೆನ್ನಲು ಬಾಯಿ ತೆರೆಯುವಷ್ಟರಲ್ಲಿ ಮೊದಲ ಪ್ರಶ್ನೆ ಬಂದೇಬಿಟ್ಟಿತು: “ಸೆಕ್ರೆಟರಿ ಸಾರ್, ನೀರು ಮತ್ತೆ ಯಾವಾಗ ಬರುತ್ತೆ?”

ಲೈಬ್ರರಿ ಸಾರ್‌ಗೆ ಸಾಕುಸಾಕಾಗಿತ್ತು. ದಾರಿ ಬಿಟ್ಟರೆ ಸಾಕೆಂದು, “ಇನ್ನರ್ಧ ಗಂಟೇಲಿ ಬರುತ್ತೆ, ಹೋಗಿ,” ಎಂದುಬಿಟ್ಟರು.

ಗುಂಪು ಕರಗಿತು. ಅವರು ಮೂರನೇ ಮಹಡಿ ಏರುವಷ್ಟರಲ್ಲಿ ಎಲ್ಲ ಮನೆಗಳಿಂದಲೂ ತುಂಬಿಸಿಟ್ಟ ನೀರನ್ನು ದಬದಬನೆ ಚೆಲ್ಲುವ ಸದ್ದು ಕೇಳಿತು. ಬಾಗಿಲು ನೂಕಿ ಒಳಗೆ ಓಡಿದರು. ಹೆಂಡತಿ ಕೊನೆಯ ಬಕೆಟ್ಟನ್ನು ಬಾಲ್ಕನಿಗೆ ಮಗುಚಿ ಪೊರಕೆ ಹಿಡಿದಿದ್ದಳು.

“ಅರ್ಧ ಗಂಟೇಲಿ ಬರುತ್ತೆ ಅಂತ ನೀವೇ ಹೇಳಿದ್ರಂತಲ್ಲ ರೀ?”