ಎದುರಿನ ಕುರ್ಚಿ ಮತ್ತು ಚಿಕ್ಕ ಕಂಪ್ಯೂಟರು

ಒಬ್ಬರೇ ಇರುವವರು ಎರಡು ಕುರ್ಚಿ ಕೊಳ್ಳುವುದಕ್ಕೆ ಧೈರ್ಯ ಬೇಕು. ಒಂದು ಕೊಂಡರೆ ಅಂಗಡಿಯವನು ಏನೂ ಕೇಳುವುದಿಲ್ಲ, ನಾಲ್ಕು ಕೊಂಡರೂ ಕೇಳುವುದಿಲ್ಲ. ಎರಡು ಎಂದಾಗ ಮಾತ್ರ, "ಯಜಮಾನ್ರು ಬಂದಿಲ್ವಾ ಮೇಡಂ?" ಎನ್ನುತ್ತಾನೆ. ನನಗೆ ಯಜಮಾನರು ಇಲ್ಲ, ಇದ್ದದ್ದೂ ಇಲ್ಲ. ಗೌನಿಪಲ್ಲಿಯ ಪ್ರೌಢಶಾಲೆಗೆ ಗಣಿತದ ಟೀಚರಾಗಿ ವರ್ಗವಾಗಿ ಬಂದಾಗ ಒಂದು ಕೋಣೆ, ಒಂದು ಅಡುಗೆಮನೆ ಇರುವ ಬಾಡಿಗೆ ಮನೆ ಹಿಡಿದು, ಒಂದು ಮೇಜು, ಎರಡು ಕುರ್ಚಿ ಹಾಕಿದೆ. ಸಂಜೆ ಯಾರಾದರೂ ಬಂದು ಎದುರಿಗೆ ಕೂತು ಒಂದು ಲೋಟ ಕಾಫಿ ಕುಡಿಯಲಿ ಎಂಬುದು ನನ್ನ ಆಸೆ. ಜನ ಬರುತ್ತಿದ್ದರು, ಸುಳ್ಳು ಹೇಳಬಾರದು. ಕೂರುತ್ತಿರಲಿಲ್ಲ, ಅಷ್ಟೆ. ಟೀಚರ ಮುಂದೆ ಕುರ್ಚಿಯಲ್ಲಿ ಕೂರುವುದು ಅಲ್ಲಿಯವರಿಗೆ ಅಗೌರವ. ಪಕ್ಕದ ಮನೆಯ ರತ್ನಮ್ಮ ನನಗಿಂತ ಎರಡು ವರ್ಷ ದೊಡ್ಡವಳು. ಅವಳೂ ಬಾಗಿಲ ಚೌಕಟ್ಟಿಗೆ ಒರಗಿ ನಿಂತೇ ಮಾತಾಡುತ್ತಿದ್ದಳು. "ಕೂತ್ಕೋ ರತ್ನಮ್ಮ" ಎಂದರೆ, "ಅಯ್ಯೋ ವದ್ದಮ್ಮಾ, ಬ್ಯಾಡ, ಟೀಚರಮ್ಮನ ಸಮಕ್ಕೆ ಕೂತ್ಕೊಳ್ಳೋದಾ? ಒಲೆ ಮೇಲೆ ಸಾರು ಇಟ್ಟಿದೀನಿ" ಎಂದು ಹೊರಟುಬಿಡುವಳು. ನಾಲ್ಕು ವರ್ಷ ಅವಳ ಸಾರು ಕುದಿಯುತ್ತಲೇ ಇತ್ತು, ನನ್ನ ಎರಡನೆಯ ಕುರ್ಚಿ ಹೊಸದಾಗಿಯೇ ಇತ್ತು.

ಹೀಗಿರುವಾಗ ಕಂಪ್ಯೂಟರ್ ಕೊಳ್ಳುವ ಯೋಚನೆ ಬಂತು. ಪ್ರಶ್ನೆಪತ್ರಿಕೆ ಟೈಪು ಮಾಡಲು ಎಂದು ಶಾಲೆಯಲ್ಲಿ ಹೇಳಿದೆ. ನಿಜವಾದ ಕಾರಣ ಬೇರೆ. ರೇಡಿಯೋ ತನ್ನ ಪಾಡಿಗೆ ತಾನು ಮಾತಾಡುತ್ತದೆ, ನಾನು ಹೇಳುವುದನ್ನು ಕೇಳುವುದಿಲ್ಲ. ಕಂಪ್ಯೂಟರಾದರೆ ಒಂದು ಗುಂಡಿ ಒತ್ತಿದರೆ ಏನಾದರೂ ಉತ್ತರ ಕೊಡುತ್ತದಂತೆ. ಆದರೆ ಒಂದು ಷರತ್ತು ಹಾಕಿಕೊಂಡೆ. ಅದು ಮೇಜಿನ ಅರ್ಧದಲ್ಲಿ ಮಾತ್ರ ಇರಬೇಕು. ಇನ್ನರ್ಧ ಎದುರಿಗೆ ಕೂರುವವರದ್ದು. ಯಂತ್ರ ಬಂತೆಂದು ಮನುಷ್ಯರ ಜಾಗ ಬಿಟ್ಟುಕೊಡಲು ನನಗೆ ಮನಸ್ಸಿರಲಿಲ್ಲ.

ಕೋಲಾರದಲ್ಲಿ ಬಿಡಿಭಾಗಗಳನ್ನು ಜೋಡಿಸಿಕೊಡುವ ಅನ್ವರ್ ಎಂಬವರ ಅಂಗಡಿಯಿತ್ತು. ಮೇಜನ್ನು ಅಳೆದು, ಗ್ರಾಫ್ ಹಾಳೆಯಲ್ಲಿ ನಕ್ಷೆ ಬರೆದುಕೊಂಡು ಹೋದೆ. ಅವರು ಅದನ್ನು ಎರಡು ಸಲ ತಿರುಗಿಸಿ ನೋಡಿ, "ಮನೆ ಪ್ಲಾನಾ ಮೇಡಂ?" ಎಂದರು. ವಿಷಯ ತಿಳಿದ ಮೇಲೆ ತಲೆ ಕೆರೆದುಕೊಂಡರು. "ನೋಡಿ, ಡಬ್ಬ ಚಿಕ್ಕದಾದ್ರೆ ಒಳಗಿಂದೆಲ್ಲಾ ಚಿಕ್ಕದಾಗ್ಬೇಕು. ಚಿಕ್ಕದಾದಷ್ಟೂ ರೇಟು ದೊಡ್ಡದಾಗ್ತದೆ. ನಿಮ್ ಬಜೆಟ್ಟೂ ಚಿಕ್ಕದೇ ಅಂತೀರ. ಹೆಂಗೆ?" ಐದಾರು ಶನಿವಾರ ಮಧ್ಯಾಹ್ನ ಇದೇ ಚರ್ಚೆ. ಬೇರೆ ಕಾರ್ಡು ಸಿಕ್ಕಿಸಲು ಜಾಗವಿಲ್ಲವೆಂದು ಚಿತ್ರ, ಧ್ವನಿ ಎಲ್ಲವೂ ತನ್ನಲ್ಲೇ ಇರುವ ಚಿಕ್ಕ ಮದರ್‌ಬೋರ್ಡು ಆರಿಸಿದೆವು. ತೆಳ್ಳಗಿನ ಸೀಡಿ ಡ್ರೈವಿನ ಬೆಲೆ ಕೇಳಿ ಸೀಡಿಯ ಆಸೆಯನ್ನೇ ಬಿಟ್ಟೆ. ವೇಗದ ಪ್ರೊಸೆಸರ್ ಹಾಕಿದರೆ ಬಿಸಿಯಾಗುತ್ತದೆ, ದೊಡ್ಡ ಫ್ಯಾನಿಗೆ ಜಾಗವಿಲ್ಲ. "ಹಂಗಾದ್ರೆ ಇದು ಹಾಕೋಣ. ಸ್ವಲ್ಪ ನಿಧಾನ" ಎಂದರು. "ನನಗೇನು ಅವಸರ?" ಎಂದೆ. "ಪವರ್ ಸಪ್ಲೈನೂ ಚಿಕ್ಕದು ಮೇಡಂ. ಮುಂದೆ ಹೊಸದೇನೂ ಸೇರಿಸೋಕಾಗಲ್ಲ" ಎಂದರು. "ನಮ್ಮನೆಗೂ ಹೊಸದಾಗಿ ಸೇರೋರು ಯಾರೂ ಇಲ್ಲ ಬಿಡಿ" ಎಂದೆ. ತಮಾಷೆಗೇ ಹೇಳಿದ್ದು. ಅವರು ನಗಲಿಲ್ಲ, ಎರಡು ಟೀ ತರಿಸಿದರು. ಅವರ ಅಂಗಡಿಯಲ್ಲಿ ನನಗೂ ಒಂದು ಕುರ್ಚಿ ಹಾಕುತ್ತಿದ್ದರು ಎಂಬುದನ್ನು ಇಲ್ಲಿ ಹೇಳಲೇಬೇಕು.

ಕೊನೆಗೆ ಮಾನಿಟರು. ಬಜೆಟ್ಟಿಗೆ ಹೊಂದುವುದು ಹದಿನೈದು ಇಂಚಿನ ಸೆಕೆಂಡ್ ಹ್ಯಾಂಡ್ ಮಾತ್ರ. "ಹದಿನೈದು ಅಂದ್ರೆ ಮೂಲೆಯಿಂದ ಮೂಲೆಗೆ ಮೇಡಂ" ಎಂದದ್ದೇ ತಡ, ನನ್ನೊಳಗಿನ ಟೀಚರು ಎದ್ದು ನಿಂತಳು. ಕರ್ಣ ಹದಿನೈದು, ಪರದೆಯ ಅಗಲ-ಎತ್ತರ ನಾಲ್ಕಕ್ಕೆ ಮೂರು, ಹಾಗಾದರೆ ಅಗಲ ಹನ್ನೆರಡು, ಎತ್ತರ ಒಂಬತ್ತು! ಲೆಕ್ಕ ಎಷ್ಟು ಚೆಂದ ಬಂತೆಂದರೆ ಸೋಮವಾರ ಹತ್ತನೆಯ ತರಗತಿಯ ಬೋರ್ಡಿನ ಮೇಲೂ ಅದನ್ನೇ ಬರೆದೆ. ಗ್ರಾಫ್ ಹಾಳೆಯಲ್ಲಿ ಹನ್ನೆರಡು ಇಂಚಿನ ಗೆರೆ ಎಳೆದು, ಆ ಶನಿವಾರವೇ ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬಂದೆ. ಕಂಡಕ್ಟರು, "ಏನ್ ಟೀಚರಮ್ಮಾ, ಮಿಕ್ಸಿ ತಗೊಂಡ್ರಾ?" ಎಂದ. ಹೌದೆಂದೆ. ಅಷ್ಟು ಚಿಕ್ಕದು ಎಂದು ನನಗೆ ಒಳಗೊಳಗೇ ಹೆಮ್ಮೆ.

ಮುಂದಿನ ವಾರ ಶ್ರೀನಿವಾಸಪುರದಲ್ಲಿ ಕೆಲಸವಿದ್ದ ಅನ್ವರ್ ಅಲ್ಲಿಂದ ಮುಂದೆ ನಮ್ಮೂರಿಗೂ ಬಂದು ಮಾನಿಟರು ತಂದಿಟ್ಟರು. ಮುಖವೇನೋ ಹನ್ನೆರಡು, ಒಂಬತ್ತು. ಹಿಂದುಗಡೆ ಮಾತ್ರ ಒಂದು ಟ್ರಂಕಿನಷ್ಟು ಉದ್ದ! ಮೇಜಿನ ನನ್ನ ಅರ್ಧ ಮುಗಿದು, ಅತಿಥಿಯ ಅರ್ಧವೂ ಮುಗಿದು, ಬೆನ್ನು ಆಚೆ ಇಣುಕುತ್ತಿತ್ತು. "ಮೇಡಂ, ಇದಕ್ಕೆ ಹಿಂಭಾಗಾನೂ ಇರ್ತದೆ" ಎಂದರು ಅನ್ವರ್, ಬಹಳ ಮೆತ್ತಗೆ. ಇಪ್ಪತ್ತು ವರ್ಷ ಮಕ್ಕಳಿಗೆ ಉದ್ದ, ಅಗಲ, ಎತ್ತರ ಎಂದು ಕಿರುಚಿದವಳು ನಾನು. ಇಷ್ಟು ಶನಿವಾರ ಒದ್ದಾಡಿ ಕುಗ್ಗಿಸಿದ ಡಬ್ಬಕ್ಕೆ ಮೇಜಿನ ಮೇಲೆ ಜಾಗವೇ ಉಳಿಯಲಿಲ್ಲ. ನೆಲದಲ್ಲಿ ಇರುವೆ, ಧೂಳು. ಅನ್ವರ್ ಸುತ್ತ ನೋಡಿ, ಅದನ್ನೆತ್ತಿ ಎದುರಿನ ಕುರ್ಚಿಯ ಮೇಲೆ ಇಟ್ಟರು. "ಸೂಪರ್ ಜಾಗ, ಗಾಳಿ ಆಡ್ತದೆ. ಶಟ್‌ಡೌನ್ ಮಾಡ್ದೆ ಅಲ್ಲಾಡಿಸ್ಬೇಡಿ" ಎಂದು ಹೇಳಿ ಹೋದರು. ಸಂಜೆ ಅದು ಕೂತು ಗುಂಯ್ ಎನ್ನುತ್ತಿತ್ತು. ಅಂತೂ ಆ ಕುರ್ಚಿಯಲ್ಲಿ ಯಾರೋ ಕೂತರು ಎಂದುಕೊಂಡು ನಕ್ಕೆ. ಆಮೇಲೆ ಕಾಫಿ ಒಂದೇ ಲೋಟ ಮಾಡಿಕೊಂಡೆ.

ವಾರ ಕಳೆದಿರಬಹುದು. ಒಂದು ಸಂಜೆ ರತ್ನಮ್ಮ ಬಂದಳು. ಆವತ್ತು ಚೌಕಟ್ಟಿನಲ್ಲಿ ನಿಲ್ಲದೆ, ಗೋಡೆ ಹಿಡಿದುಕೊಂಡು ಒಳಗೇ ಬಂದಳು. "ಮಾವಿನ ತೋಟದಾಗೆ ಕಾಲು ಉಳುಕ್ತು ಟೀಚರಮ್ಮಾ. ಇವತ್ತು ಒಂದ್ ಗಳಿಗೆ ಕೂತ್ಕೊಂಡೇ ಹೋಗ್ತೀನಿ" ಎಂದವಳು ಕುರ್ಚಿ ನೋಡಿ ನಿಂತಳು. "ಓ, ಇಲ್ಲಿ ಯಾರೋ ಕೂತವ್ರೆ." ನಾನು ಮೌಸಿಗೆ ಕೈ ಹಾಕಿದೆ. "ಇರು ಇರು, ಎಬ್ಬಿಸ್ತೀನಿ, ಒಂದೇ ನಿಮಿಷ" ಎಂದು ಶಟ್‌ಡೌನ್ ಒತ್ತಿದೆ. ನಾನೇ ಆರಿಸಿದ ನಿಧಾನದ ಪ್ರೊಸೆಸರು. ಕಾಯಿರಿ ಎಂದು ಪರದೆಯ ಮೇಲೆ ಬಂದದ್ದು ಹಾಗೆಯೇ ನಿಂತಿತು. ರತ್ನಮ್ಮನೂ ಒಂಟಿ ಕಾಲಿನ ಮೇಲೆ ನಿಂತಿದ್ದಳು. "ಬಿಡಮ್ಮಾ, ಪಾಪ, ಕೂತೋರನ್ನ ಯಾಕೆ ಎಬ್ಬಿಸ್ತೀರ? ಒಲೆ ಮೇಲೆ ಸಾರು ಇಟ್ಟಿದೀನಿ" ಎಂದು ಕುಂಟುತ್ತಾ ಹೋದಳು. ಅವಳು ಮೆಟ್ಟಿಲಿಳಿದ ಮೇಲೆ ಪರದೆ ಕಪ್ಪಾಯಿತು.

ಡಬ್ಬವನ್ನು ಮಂಚದ ಮೇಲಿಟ್ಟು, ಕುರ್ಚಿ ಒರೆಸಿ, ಕಾಯುತ್ತಾ ಕೂತೆ. ಅವಳು ಮತ್ತೆ ಬರಲಿಲ್ಲ. ಬಹಳ ಹೊತ್ತು ಮಾನಿಟರನ್ನು ಬೈದೆ, ಪ್ರೊಸೆಸರನ್ನು ಬೈದೆ, ಏನೂ ತಪ್ಪು ಮಾಡದ ಅನ್ವರ್ ಅವರನ್ನೂ ಬೈದೆ. ಆಮೇಲೆ ಅಭ್ಯಾಸಬಲದಿಂದ ಲೆಕ್ಕ ಹಾಕಿದೆ. ಕುರ್ಚಿ ಎರಡು. ಒಂದರಲ್ಲಿ ಡಬ್ಬ ಕೂತಿತ್ತು, ಸರಿ. ಇನ್ನೊಂದರಲ್ಲಿ ನಾನು ಕೂತಿದ್ದೆ. ರತ್ನಮ್ಮ ನೋವಿನಲ್ಲಿ ನಿಂತಿದ್ದಷ್ಟು ಹೊತ್ತೂ ನಾನು ಏಳಲಿಲ್ಲ. ನಾಲ್ಕು ವರ್ಷ "ಕೂತ್ಕೋ ರತ್ನಮ್ಮ" ಎಂದು ಕರೆದದ್ದೂ ಹಾಗೆ ಕೂತುಕೊಂಡೇ.